ಮನೆ ಸೋರ್ತಾ ಇದೆ, ಬಿಲ್ಡರ್ ಬರ್ತಾ ಇಲ್ಲ: ರೇರಾ, ಗ್ರಾಹಕ ಆಯೋಗ, ಸಿವಿಲ್ ಕೋರ್ಟು, ಎಲ್ಲಿಗೆ ಹೋಗೋದು?

"ಮಳೆಗಾಲ ಒಂದು ಕಳೀಲಿ, ಗೋಡೆ ಒಣಗಿದ್ಮೇಲೆ ಬಂದು ಮಾಡ್ಕೊಡ್ತೀನಿ." ಶಿವಮೊಗ್ಗ ಕಡೆ ಹೊಸ ಮನೆ ಕಟ್ಸಿದವ್ರು, ಫ್ಲ್ಯಾಟ್ ತಗೊಂಡವ್ರು ಈ ಮಾತನ್ನ ಒಂದ್ಸಲನಾದ್ರೂ ಕೇಳಿರ್ತಾರೆ. ಮಾತೇನೋ ಸುಳ್ಳಲ್ಲ, ಒದ್ದೆ ತಾರಸಿ ಮೇಲೆ ವಾಟರ್‌ಪ್ರೂಫಿಂಗ್ ಹಿಡಿಯಲ್ಲ, ಅದು ಸರಿ. ಆದ್ರೆ ಮೃಗಶಿರ ಮಳೇಲಿ ಹೇಳಿದ ಮಾತು ದೀಪಾವಳಿಗೆ ಹೋಗುತ್ತೆ, ದೀಪಾವಳಿ ಕಳೀತಿದ್ದಂಗೆ ಹುಡುಗ್ರೆಲ್ಲ ಅಡಿಕೆ ಕೊಯ್ಲಿಗೆ ಹೋಗಿದಾರೆ ಅಂತಾರೆ, ಸಂಕ್ರಾಂತಿ ಆದ್ಮೇಲೆ ಸೋರೋದು ನಿಂತೇ ಹೋಗಿರೋದ್ರಿಂದ ನಮಗೂ ಅವಸರ ಇರಲ್ಲ, ಮತ್ತೆ ಮುಂದಿನ ಮೃಗಶಿರ ಬಂದು ಅದೇ ಮೂಲೇಲಿ ತೊಟ್ಟಿಕ್ಕೋಕೆ ಶುರುವಾದಾಗ್ಲೇ ಫೋನ್ ಮಾಡೋದು. ಹಿಂಗೆ ಎರಡು ಮಳೆಗಾಲ ಹೋದ್ರೆ ಎರಡು ವರ್ಷ ಹೋಯ್ತು. ಗ್ರಾಹಕ ಆಯೋಗಕ್ಕೆ ದೂರು ಕೊಡೋಕೆ ಕಾನೂನು ಕೊಟ್ಟಿರೋ ಅವಧಿನೂ ಅಷ್ಟೇ, ಎರಡು ವರ್ಷ. ನಾನು ಇದನ್ನ ಬರೀತಿರೋದು ಮುಖ್ಯವಾಗಿ ಈ ಲೆಕ್ಕಕ್ಕೋಸ್ಕರ.

ನಮ್ದು ಗೋಪಾಳದಲ್ಲಿ ಸ್ವಂತ ಸೈಟು, 13 ಚದರದ ಮನೆ, ಮೆಟೀರಿಯಲ್ ಸಮೇತ ಕಾಂಟ್ರಾಕ್ಟ್ ಕೊಟ್ಟಿದ್ವಿ, ಒಟ್ಟು 26 ಲಕ್ಷ. 2021ರ ಫೆಬ್ರವರೀಲಿ ಗೃಹಪ್ರವೇಶ ಆಯ್ತು. ಅದೇ ವರ್ಷ ಪುನರ್ವಸು ಮಳೇಲಿ ಅಮ್ಮನ ರೂಮಿನ ಮೂಲೇಲಿ, ಬೀರು ಮೇಲ್ಗಡೆ, ಒಂದು ರೊಟ್ಟಿ ಅಗಲದ ಕಲೆ ಕಾಣಿಸ್ತು. ಒಂದು ವಾರಕ್ಕೆ ಅದರ ಅಂಚಲ್ಲಿ ಬಿಳಿ ಉಪ್ಪು ಎದ್ದು ಪುಡಿಪುಡಿ ಉದುರೋಕೆ ಶುರು, ಆಮೇಲೆ ಬೀರು ಒಳಗಿದ್ದ ಅಮ್ಮನ ರೇಷ್ಮೆ ಸೀರೆಗಳ ಮಡಿಕೆಗೆ ಬೂಷ್ಟು ಬಂತು. ಕಾಂಟ್ರಾಕ್ಟರ್ ಬಂದು ನೋಡಿ "ನಮ್ಮ ಮಲೆನಾಡಲ್ಲಿ ಇದೆಲ್ಲ ಕಾಮನ್ನು, ಮೇಲೊಂದು ತಗಡಿನ ಶೀಟ್ ಹಾಕಿಸ್ಬಿಡಿ" ಅಂದ್ರು, ಅದೂ ನಮ್ಮ ಖರ್ಚಲ್ಲಿ. ಶೀಟ್ ಹಾಕ್ಸೋದು ಇಲ್ಲಿ ಎಲ್ಲರೂ ಮಾಡೋದೇ, ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯಂತೂ ಶೀಟ್ ಇಲ್ದಿರೋ ಆರ್‌ಸಿಸಿ ಮನೆ ಹುಡುಕ್ಬೇಕು. ಆದ್ರೆ ನಾನು ದುಡ್ಡು ಕೊಟ್ಟಿದ್ದು ಸೋರದೇ ಇರೋ ಮೋಲ್ಡಿಗೆ. ಶೀಟು ನನ್ನ ಇಷ್ಟ, ಮೋಲ್ಡು ಅವರ ಜವಾಬ್ದಾರಿ, ಇದನ್ನ ಒಪ್ಪಿಸೋಕೆ ನಂಗೆ ಹತ್ತಿರ ಮೂರು ವರ್ಷ ಬೇಕಾಯ್ತು.

ಮೊದ್ಲು ಒಂದು ಪ್ರಶ್ನೆ: ಜಾಗ ಯಾರದ್ದು, ಕಟ್ಟಿದ್ದು ಯಾರು?

ಎಲ್ಲಿಗೆ ಹೋಗೋದು ಅನ್ನೋದು ಇದರ ಮೇಲೇ ನಿಂತಿರೋದು, ಆದ್ರೆ ಬಹಳ ಜನ ಇದನ್ನೇ ಕೇಳ್ಕೊಳಲ್ಲ, ಸೀದಾ "ರೇರಾಕ್ಕೆ ಹಾಕ್ತೀನಿ" ಅಂತಾರೆ. ರೇರಾ ಅಂದ್ರೆ ಬಿಲ್ಡರ್‌ಗಳ ಮೇಲೆ ಕಣ್ಣಿಡೋ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅದರ ಕಾಯ್ದೆಗೂ ಅದೇ ಹೆಸರು.

ಬಿಲ್ಡರ್ ತಾನೇ ಜಾಗ ತಗೊಂಡು, ಅಥವಾ ಜಾಗದ ಮಾಲೀಕರ ಜೊತೆ ಜಾಯಿಂಟ್ ಡೆವಲಪ್‌ಮೆಂಟ್ ಮಾಡ್ಕೊಂಡು, ಅಪಾರ್ಟ್‌ಮೆಂಟ್ ಕಟ್ಟಿ ನಿಮಗೆ ಮಾರಿದ್ರೆ ಅದು ರೇರಾ ಲೆಕ್ಕ. ನಿಮ್ಮ ಸ್ವಂತ ಸೈಟಲ್ಲಿ ಕಾಂಟ್ರಾಕ್ಟರ್ ಹತ್ರ ಮನೆ ಕಟ್ಸಿದ್ರೆ ರೇರಾ ಬರೋದೇ ಇಲ್ಲ, ಯಾಕಂದ್ರೆ ಅವರು ನಿಮಗೆ ಏನೂ ಮಾರಿಲ್ಲ, ಕೆಲಸ ಮಾಡ್ಕೊಟ್ಟಿದಾರೆ. ಶಿವಮೊಗ್ಗದಲ್ಲಿ ಬೆಂಗಳೂರಿನ ಥರ ಫ್ಲ್ಯಾಟ್ ಸಂಸ್ಕೃತಿ ಇನ್ನೂ ಕಮ್ಮಿ, ಸೈಟ್ ತಗೊಂಡು ಕಟ್ಸೋರೇ ಹೆಚ್ಚು, ಹಂಗಾಗಿ ನಮ್ಮಲ್ಲಿ ಬಹುಪಾಲು ಜನರಿಗೆ ರೇರಾ ಅನ್ನೋದು ಸಂಬಂಧನೇ ಇಲ್ಲದ ಬಾಗಿಲು.

ಅಪಾರ್ಟ್‌ಮೆಂಟ್ ಆದ್ರೂ ಒಂದು ತೊಡಕಿದೆ. 500 ಚದರ ಮೀಟರ್ ಒಳಗಿನ ಜಾಗ, ಅಥವಾ 8ರ ಒಳಗೆ ಫ್ಲ್ಯಾಟು, ಇಂಥ ಪ್ರಾಜೆಕ್ಟ್‌ಗೆ ರೇರಾ ನೋಂದಣಿ ಕಡ್ಡಾಯ ಅಲ್ಲ ಅಂತ 2016ರ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತೆ. ನಮ್ಮ ಲೆಕ್ಕದಲ್ಲಿ 500 ಚದರ ಮೀಟರ್ ಅಂದ್ರೆ 30-40ರ ಸೈಟು ನಾಲ್ಕೂವರೆ ಅಷ್ಟೇ. ವಿನೋಬನಗರ, ರಾಜೇಂದ್ರನಗರದಂಥ ಏರಿಯಾದಲ್ಲಿ ಹಳೇ ಮನೆ ಕೆಡವಿ ಆರು ಫ್ಲ್ಯಾಟ್ ಎಬ್ಬಿಸಿದ್ರೆ ಅದು ಈ ವಿನಾಯಿತಿ ಒಳಗೇ ಬೀಳುತ್ತೆ. ನಿಮ್ಮ ಪ್ರಾಜೆಕ್ಟ್ ನೋಂದಣಿ ಆಗಿದ್ಯಾ ಅಂತ ಕರ್ನಾಟಕ ರೇರಾ ವೆಬ್‌ಸೈಟಲ್ಲಿ ಹೆಸರು ಹಾಕಿ ಐದು ನಿಮಿಷದಲ್ಲಿ ನೋಡ್ಬಹುದು, ಆ ಐದು ನಿಮಿಷ ಮೊದ್ಲು ಕೊಡಿ.

ರೇರಾ: ಐದು ವರ್ಷ, ಮೂವತ್ತು ದಿನ

ನೋಂದಣಿ ಆಗಿರೋ ಅಪಾರ್ಟ್‌ಮೆಂಟ್ ಆಗಿದ್ರೆ ನಿಮ್ಮ ಕೈಲಿ ಇರೋದು ಸೆಕ್ಷನ್ 14ರ ಮೂರನೇ ಉಪವಿಧಿ. ಪೊಸೆಷನ್ ಕೊಟ್ಟ ದಿನದಿಂದ ಐದು ವರ್ಷದ ಒಳಗೆ ಕಟ್ಟಡದ ರಚನೇಲಿ ದೋಷ, ಕೆಲಸದಲ್ಲಿ ದೋಷ, ಗುಣಮಟ್ಟದಲ್ಲಿ ಅಥವಾ ಸೌಲಭ್ಯದಲ್ಲಿ ದೋಷ ಕಂಡು ನೀವು ಬಿಲ್ಡರ್ ಗಮನಕ್ಕೆ ತಂದ್ರೆ, ಅವರು 30 ದಿನದ ಒಳಗೆ ಒಂದು ರೂಪಾಯಿನೂ ಕೇಳದೆ ಸರಿ ಮಾಡ್ಕೊಡಬೇಕು. ಮಾಡ್ಲಿಲ್ಲ ಅಂದ್ರೆ ಪರಿಹಾರ ಕೇಳೋ ಹಕ್ಕು ನಿಮ್ಮದು. "ಅಗ್ರಿಮೆಂಟಲ್ಲಿ ಒಂದು ವರ್ಷ ಅಂತ ಬರ್ದಿದೆಯಲ್ಲ" ಅಂತ ಬಿಲ್ಡರ್ ತೋರಿಸ್ಬಹುದು, ತೋರಿಸ್ಲಿ, ಕಾಯ್ದೆ ಕೊಟ್ಟ ಐದು ವರ್ಷನ ಅಗ್ರಿಮೆಂಟ್ ಕಿತ್ಕೊಳೋಕೆ ಆಗಲ್ಲ. ಇಲ್ಲಿ ತೂಕ ಇರೋದು "ಗಮನಕ್ಕೆ ತಂದ್ರೆ" ಅನ್ನೋ ಮಾತಿಗೆ. ಬಾಯಲ್ಲಿ ಹೇಳಿದ್ದು, ಫೋನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರಲ್ಲ. ಇಮೇಲು, ಕಾಗದ, ಕೊನೇಪಕ್ಷ ವಾಟ್ಸಾಪು, ಏನೋ ಒಂದು ಬರಹದಲ್ಲಿ, ತಾರೀಖು ಸಮೇತ ಇರ್ಲಿ.

ರೇರಾದಲ್ಲಿ ಎರಡು ಕೌಂಟರ್ ಇದೆ ಅನ್ಕೊಳಿ. ರಿಪೇರಿ ಮಾಡ್ಸಿ, ಬಡ್ಡಿ ಕೊಡ್ಸಿ, ದುಡ್ಡು ವಾಪಸ್ ಕೊಡ್ಸಿ ಅಂತ ಕೇಳೋದು ಪ್ರಾಧಿಕಾರದ ಮುಂದೆ. ಆಗಿರೋ ನಷ್ಟಕ್ಕೆ ಪರಿಹಾರ ಎಷ್ಟು ಅಂತ ತೀರ್ಮಾನ ಮಾಡೋದು ಅಡ್ಜುಡಿಕೇಟಿಂಗ್ ಆಫೀಸರ್. ಈ ಗೆರೆನ ಸುಪ್ರೀಂ ಕೋರ್ಟ್ 2021ರ ನವೆಂಬರಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಕೇಸಲ್ಲಿ ಸ್ಪಷ್ಟ ಮಾಡಿದೆ. ಅರ್ಜಿ ತಪ್ಪು ಕೌಂಟರಿಗೆ ಹೋದ್ರೆ ಸುಮ್ನೆ ತಿಂಗಳುಗಟ್ಲೆ ಹಾಳು, ಹಾಗಾಗಿ ನಿಮಗೆ ಬೇಕಿರೋದು ರಿಪೇರಿನಾ, ದುಡ್ಡಾ ಅಂತ ಮನೇಲಿ ಕೂತು ಮೊದ್ಲು ನಿರ್ಧಾರ ಮಾಡಿ.

ನಮ್ಮ ಅಕ್ಕ-ಭಾವ ಸವಳಂಗ ರಸ್ತೆ ಕಡೆ 58 ಲಕ್ಷಕ್ಕೆ ಫ್ಲ್ಯಾಟ್ ತಗೊಂಡ್ರು, ನೋಂದಣಿ ಆಗಿರೋ ಪ್ರಾಜೆಕ್ಟು. ಎರಡನೇ ವರ್ಷಕ್ಕೆ ಬಾತ್‌ರೂಮಿನ ನೀರು ಕೆಳಗಿನ ಮನೆಯವರ ಅಡುಗೆಮನೆ ಸೀಲಿಂಗಿಗೆ ಇಳಿಯೋಕೆ ಶುರು ಆಯ್ತು, ಕೆಳಗಿನವರು ದಿನಾ ಬಂದು ಬೆಲ್ ಮಾಡೋರು, ಬಿಲ್ಡರ್ ಮಾತ್ರ "ನೀವೇ ಗೀಸರ್ ಪೈಪ್ ಬದಲಾಯಿಸಿದೀರಿ" ಅಂತ ಹೇಳ್ಕೊಂಡೇ ಇದ್ರು. ಅವರಿಗೆ ನಾನು ರೇರಾ ಅಂತಲೇ ಹೇಳಿದ್ದು, ಯಾಕೆ ಅಂತ ಕೆಳಗೆ ಬರುತ್ತೆ. ಕರ್ನಾಟಕ ರೇರಾ ಕಚೇರಿ ಇರೋದು ಬೆಂಗಳೂರಲ್ಲಿ, ಆದ್ರೆ ದೂರು ಆನ್‌ಲೈನಲ್ಲೇ ಹಾಕ್ಬಹುದು, ಹಿಯರಿಂಗ್‌ಗೂ ವಿಡಿಯೋದಲ್ಲಿ ಹಾಜರಾಗ್ಬಹುದು, ಪ್ರತಿ ಸಲ ಬೆಳಗಿನ ಜಾವ ರೈಲು ಹತ್ತೋ ಅಗತ್ಯ ಅವರಿಗೆ ಬೀಳ್ಲಿಲ್ಲ.

ರೇರಾದ ಬಲ ಇನ್ನೊಂದು ಕಡೆ ಇದೆ. ಆರ್ಡರ್ ವಿರುದ್ಧ ಬಿಲ್ಡರ್ ಅಪೀಲ್ ಹೋಗ್ಬೇಕಂದ್ರೆ ನಿಮಗೆ ಕೊಡ್ಬೇಕಾದ ಮೊತ್ತನ ಬಡ್ಡಿ, ಪರಿಹಾರ ಎಲ್ಲ ಸೇರ್ಸಿ ಪೂರ್ತಿ ಡಿಪಾಸಿಟ್ ಮಾಡಿದ್ಮೇಲೇ ಅಪೀಲು ಕೇಳೋದು, ಸೆಕ್ಷನ್ 43ರಲ್ಲಿದೆ. ಗ್ರಾಹಕ ಆಯೋಗದಲ್ಲಿ ಇದು ಅರ್ಧ ಮಾತ್ರ. ದೌರ್ಬಲ್ಯ ಅಂದ್ರೆ ವಸೂಲಿ. ಬಿಲ್ಡರ್ ಕೊಡ್ಲಿಲ್ಲ ಅಂದ್ರೆ ಭೂ ಕಂದಾಯ ಬಾಕಿ ವಸೂಲಿ ಮಾಡೋ ಥರ ಮಾಡ್ಬೇಕು, ಅಂದ್ರೆ ಫೈಲು ಡಿಸಿ ಆಫೀಸು, ತಹಶೀಲ್ದಾರ್ ಆಫೀಸಿಗೆ ಬರುತ್ತೆ, ಅಲ್ಲಿ ನಾವೇ ಬೆನ್ನು ಹತ್ತದೇ ಇದ್ರೆ ಫೈಲು ಮಲಗಿಬಿಡುತ್ತೆ.

ಗ್ರಾಹಕ ಆಯೋಗ: ನಮ್ಮೂರಲ್ಲೇ ಇದೆ, ಆದ್ರೆ 50 ಲಕ್ಷದ ಗೆರೆ ನೋಡಿ

ಮನೆ ಕಟ್ಟೋದು "ಸೇವೆ" ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಲಕ್ನೋ ಡೆವಲಪ್‌ಮೆಂಟ್ ಅಥಾರಿಟಿ ಕೇಸಲ್ಲಿ ಹೇಳಿಯಾಗಿದೆ, ಈಗಿನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲೂ ಸೇವೆ ಅನ್ನೋದರ ವ್ಯಾಖ್ಯಾನದ ಒಳಗೇ ಮನೆ ನಿರ್ಮಾಣ ಅಂತ ಬರ್ದಿದಾರೆ. ಹಾಗಾಗಿ ಫ್ಲ್ಯಾಟ್ ಮಾರಿದ ಬಿಲ್ಡರೂ ಬರ್ತಾರೆ, ಸ್ವಂತ ಸೈಟಲ್ಲಿ ಕಟ್ಟಿಕೊಟ್ಟ ಕಾಂಟ್ರಾಕ್ಟರೂ ಬರ್ತಾರೆ. ನನ್ನ ಥರದವರಿಗೆ ಇದೇ ಹತ್ತಿರದ ಬಾಗಿಲು. ಎದುರು ಪಾರ್ಟಿ ಎಲ್ಲೇ ಇರ್ಲಿ, ದೂರು ಕೊಡೋರು ವಾಸ ಇರೋ ಜಿಲ್ಲೇಲೇ ಹಾಕ್ಬಹುದು ಅನ್ನೋದು ಹೊಸ ಕಾಯ್ದೆ ಕೊಟ್ಟ ದೊಡ್ಡ ಅನುಕೂಲ, ಬೆಂಗಳೂರಿನ ಬಿಲ್ಡರ್ ಇಲ್ಲಿ ಬಂದು ಕಟ್ಟಿ ಹೋಗಿದ್ರೂ ಶಿವಮೊಗ್ಗದ ಜಿಲ್ಲಾ ಆಯೋಗಕ್ಕೇ ಅವರು ಬಂದು ಉತ್ತರ ಕೊಡ್ಬೇಕು.

ಈಗ ಆ ಗೆರೆ. ಹಳೇ ಕಾಯ್ದೇಲಿ ನೀವು ಕೇಳೋ ಪರಿಹಾರನೂ ಸೇರ್ಸಿ ಲೆಕ್ಕ ಹಾಕ್ತಿದ್ರು, ಈಗ ನೋಡೋದು ನೀವು ಕೊಟ್ಟ ದುಡ್ಡು ಎಷ್ಟು ಅಂತ ಮಾತ್ರ. ಕೊಟ್ಟಿರೋದು 50 ಲಕ್ಷದವರೆಗೆ ಇದ್ರೆ ಜಿಲ್ಲಾ ಆಯೋಗ, 50 ಲಕ್ಷ ದಾಟಿ 2 ಕೋಟಿವರೆಗೆ ಬೆಂಗಳೂರಿನ ರಾಜ್ಯ ಆಯೋಗ, ಅದರ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. 2021ರ ಡಿಸೆಂಬರ್ ಕೊನೇಲಿ ಬಂದ ನಿಯಮ ಇದು. ಈ ಪದ್ಧತೀನೇ ಸರಿ ಇಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದಾಗ 2025ರ ಏಪ್ರಿಲಲ್ಲಿ ಕೋರ್ಟು ಸರಿ ಇದೆ ಅಂತ ಎತ್ತಿಹಿಡೀತು. ಅಂದ್ರೆ ಅಕ್ಕನ ಫ್ಲ್ಯಾಟಲ್ಲಿ ಬಾತ್‌ರೂಮ್ ಸರಿ ಮಾಡ್ಸೋಕೆ ಬೇಕಿದ್ದಿದ್ದು ಎರಡು ಲಕ್ಷನೇ ಆದ್ರೂ, ಫ್ಲ್ಯಾಟಿಗೆ ಕೊಟ್ಟಿದ್ದು 58 ಲಕ್ಷ ಆಗಿದ್ರಿಂದ ಕೇಸು ಹೋಗ್ಬೇಕಿದ್ದಿದ್ದು ರಾಜ್ಯ ಆಯೋಗಕ್ಕೆ. ರೇರಾದಲ್ಲಿ ಈ ಮೊತ್ತದ ಗೆರೆನೇ ಇಲ್ಲ. ಎರಡೂ ಬೆಂಗಳೂರೇ ಆದ್ಮೇಲೆ ಐದು ವರ್ಷದ ಜವಾಬ್ದಾರಿ ಸೀದಾ ಬರ್ದಿರೋ ಕಡೆ ಹೋಗೋದು ವಾಸಿ ಅಂತ ನನ್ನ ಲೆಕ್ಕ ಆಗಿತ್ತು.

ಖರ್ಚು ನೋಡಿದ್ರೆ ಗ್ರಾಹಕ ಆಯೋಗದಷ್ಟು ಅಗ್ಗ ಯಾವ್ದೂ ಇಲ್ಲ. ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ರೆ ಫೀ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1000, ಒಂದು ಕೋಟಿವರೆಗೆ 2000. ನಾನು ಕಟ್ಟಿದ್ದು 1000 ರೂಪಾಯಿ. ವಕೀಲರು ಕಡ್ಡಾಯ ಅಲ್ಲ, ನಾವೇ ನಿಂತು ಮಾತಾಡ್ಬಹುದು, ಆದ್ರೆ ಮನೆ ದೋಷದ ಕೇಸಲ್ಲಿ ಎದುರು ಕಡೆ ವಕೀಲರು ಇದ್ದೇ ಇರ್ತಾರೆ, ಅದಕ್ಕೆ ನಾನು ಒಬ್ಬರನ್ನ ಇಟ್ಕೊಂಡೆ, ಅದು ಒಳ್ಳೇದೇ ಆಯ್ತು. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲಲ್ಲಿ ಆನ್‌ಲೈನಾಗೂ ದೂರು ಹಾಕ್ಬಹುದು. ಅದಕ್ಕಿಂತ ಮೊದ್ಲು ಬರೀ ಸಲಹೆ ಬೇಕಂದ್ರೆ 1915 ನಂಬರಿಗೆ ಫೋನ್ ಮಾಡಿ.

ಸಮಯದ ವಿಷಯ. ಕಾಯ್ದೇಲಿ ಮೂರು ತಿಂಗಳು, ಪರೀಕ್ಷೆ ಬೇಕಿದ್ರೆ ಐದು ತಿಂಗಳು ಅಂತಿದೆ, ನಿಜವಾಗಿ ವರ್ಷದ ಮೇಲೆ ಹೋಗುತ್ತೆ ಅಂತ ಮನಸ್ಸು ಗಟ್ಟಿ ಮಾಡ್ಕೊಳಿ. ಒಂದೇ ಸಮಾಧಾನ, ನೋಟಿಸ್ ಸಿಕ್ಕ ಎದುರು ಪಾರ್ಟಿ 30 ದಿನ, ಹೆಚ್ಚಂದ್ರೆ ಇನ್ನೊಂದು 15 ದಿನದೊಳಗೆ ಉತ್ತರ ಹಾಕ್ಬೇಕು, ಆ 45 ದಿನ ದಾಟಿದ್ರೆ ಆಯೋಗನೂ ಸಮಯ ಕೊಡೋಕಾಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿಬಿಟ್ಟಿದೆ. ವಾಯಿದೆ ಮೇಲೆ ವಾಯಿದೆ ಕೇಳ್ಕೊಂಡೇ ದಿನ ದೂಡೋರಿಗೆ ಇಲ್ಲಿ ಸ್ವಲ್ಪನಾದ್ರೂ ಲಗಾಮು ಇದೆ.

ಮತ್ತೆ ಆ ಎರಡು ವರ್ಷ. ದೋಷ ಕಾಣಿಸ್ಕೊಂಡ ದಿನದಿಂದ ಎಣಿಸ್ಬೇಕು. ನಾವು ನೋಟಿಸ್ ಮೇಲೆ ನೋಟಿಸ್ ಕಳ್ಸಿದ ಮಾತ್ರಕ್ಕೆ ಅವಧಿ ಮುಂದೆ ಹೋಗಲ್ಲ, ಕಾಂಟ್ರಾಕ್ಟರ್ ಬಾಯ್ಮಾತಲ್ಲಿ "ಮಾಡ್ಕೊಡ್ತೀನಿ" ಅಂದಿದ್ದನ್ನ ನಂಬಿ ಕಾಯೋದೂ ನಮ್ಮ ರಿಸ್ಕೇ. ತಡವಾಗಿದ್ದಕ್ಕೆ ಸರಿಯಾದ ಕಾರಣ ಕೊಟ್ರೆ ಆಯೋಗ ಮನ್ನಿಸ್ಬಹುದು, ಮನ್ನಿಸಲೇಬೇಕು ಅಂತ ಇಲ್ಲ. ನಾನು ಮೊದಲ ಕಲೆ ನೋಡಿದ್ದು 2021ರ ಜುಲೈ, ದೂರು ಹಾಕಿದ್ದು 2023ರ ಏಪ್ರಿಲ್. ಇನ್ನೊಂದು ಮಳೆಗಾಲ ಕಾದಿದ್ರೆ ನನ್ನ ಕಥೆ ಮುಗೀತಿತ್ತು. ಒಂದು ವಿನಾಯಿತಿ ಗೊತ್ತಿರ್ಲಿ: ಬಿಲ್ಡರ್ ಒಸಿ (ಕಟ್ಟಡದಲ್ಲಿ ವಾಸ ಮಾಡ್ಬಹುದು ಅನ್ನೋ ಪ್ರಮಾಣಪತ್ರ) ತಂದುಕೊಡದೇ ಇರೋದು ಮುಂದುವರೀತಾ ಇರೋ ತಪ್ಪು, ಅಲ್ಲಿ ಎರಡು ವರ್ಷ ಆಗೋಯ್ತು ಅಂತ ದೂರನ್ನ ತಳ್ಳಿಹಾಕೋ ಹಾಗಿಲ್ಲ ಅಂತ 2022ರ ಜನವರೀಲಿ ಸಮೃದ್ಧಿ ಸಹಕಾರಿ ಸೊಸೈಟಿ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ರೇರಾ ಬಂದ್ಮೇಲೆ ಫ್ಲ್ಯಾಟಿನವರಿಗೆ ಗ್ರಾಹಕ ಆಯೋಗ ಮುಚ್ಚಿಹೋಯ್ತು ಅಂತ ಕೆಲವು ಬಿಲ್ಡರ್‌ಗಳು ಹೇಳ್ತಾರೆ. ಹಾಗಿಲ್ಲ. 2020ರ ನವೆಂಬರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಕೇಸಲ್ಲಿ ಎರಡೂ ಬಾಗಿಲು ತೆರೆದೇ ಇದೆ ಅಂತ ಆಗಿದೆ. ಆದ್ರೆ ಒಂದೇ ಪರಿಹಾರಕ್ಕೆ ಎರಡೂ ಕಡೆ ಏಕಕಾಲಕ್ಕೆ ಹೋಗ್ಬೇಡಿ, ಒಂದನ್ನ ಆರಿಸ್ಕೊಳಿ.

ಸಿವಿಲ್ ಕೋರ್ಟು ಯಾವಾಗ?

ನೇರವಾಗಿ ಹೇಳ್ತೀನಿ, ಮೊದಲ ಎರಡು ದಾರಿ ಇರೋವಾಗ ಇದು ನನ್ನ ಆಯ್ಕೆ ಅಲ್ಲ. ಕೇಳೋ ಮೊತ್ತಕ್ಕೆ ತಕ್ಕಂಗೆ ಕೋರ್ಟ್ ಫೀ ಕಟ್ಬೇಕು, ಸಾಕ್ಷಿ, ಪಾಟಿ ಸವಾಲು ಎಲ್ಲ ಆಗ್ಬೇಕು, ವರ್ಷಗಟ್ಲೆ ಎಳೆಯುತ್ತೆ. ಆದ್ರೆ ಮೂರು ಸಂದರ್ಭದಲ್ಲಿ ಇದೇ ಬೇಕಾಗುತ್ತೆ. ಒಂದು, ಎರಡು ವರ್ಷ ದಾಟಿದೆ ಆದ್ರೆ ಮೂರು ದಾಟಿಲ್ಲ ಅನ್ನೋವಾಗ, ಯಾಕಂದ್ರೆ ಕರಾರು ಮುರಿದಿದ್ದಕ್ಕೆ ಪರಿಹಾರ ಕೇಳೋಕೆ ಲಿಮಿಟೇಷನ್ ಕಾಯ್ದೇಲಿ ಮೂರು ವರ್ಷ ಇದೆ. ಎರಡು, ಕೇಸು ತುಂಬಾ ಜಟಿಲ ಆಗಿದ್ದು, ಯಾರು ಯಾವ ಮೆಟೀರಿಯಲ್ ತಂದ್ರು, ಪ್ಲಾನ್ ಯಾರು ಬದಲಾಯಿಸಿದ್ರು ಅನ್ನೋದರಲ್ಲೇ ಜಗಳ ಇದ್ದಾಗ, ಗ್ರಾಹಕ ಆಯೋಗನೇ "ಇದು ಸಿವಿಲ್ ಕೋರ್ಟಲ್ಲಿ ತೀರ್ಮಾನ ಆಗ್ಬೇಕು" ಅಂತ ಕಳ್ಸಬಹುದು. ಮೂರು, ಕಟ್ಟಡ ಅಂಗಡಿ, ಗೋಡೌನ್ ಥರ ವ್ಯಾಪಾರಕ್ಕೆ ಕಟ್ಸಿದ್ದು ಆಗಿದ್ರೆ, ಆಗ ನೀವು ಗ್ರಾಹಕರೇ ಅಲ್ಲ ಅಂತ ಎದುರಿನವರು ವಾದ ಎತ್ತೇ ಎತ್ತುತ್ತಾರೆ. ರೇರಾ ವ್ಯಾಪ್ತಿಯ ವಿಷಯನ ಮಾತ್ರ ಸಿವಿಲ್ ಕೋರ್ಟಿಗೆ ಒಯ್ಯೋಕಾಗಲ್ಲ, ಸೆಕ್ಷನ್ 79 ಅಡ್ಡ ಬರುತ್ತೆ.

ಅಗ್ರಿಮೆಂಟಲ್ಲಿ "ತಕರಾರು ಬಂದ್ರೆ ಮಧ್ಯಸ್ಥಗಾರರ ಮುಂದೆ" ಅಂತ ಆರ್ಬಿಟ್ರೇಷನ್ ಕಲಂ ಇದೆ ಅಂತ ಹೆದರ್ಬೇಡಿ. ಆ ಕಲಂ ಇದ್ರೂ ಗ್ರಾಹಕರು ಆಯೋಗಕ್ಕೇ ಹೋಗ್ಬಹುದು, 2018ರ ಡಿಸೆಂಬರಲ್ಲಿ ಎಮ್ಮಾರ್ ಎಂಜಿಎಫ್ ಕೇಸಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮಧ್ಯಸ್ಥಗಾರರ ಫೀ ನಮ್ಮ ಜೇಬಿಂದ ಹೋಗೋದ್ರಿಂದ 26 ಲಕ್ಷದ ಮನೆಗೆ ಅದು ಹೊಂದೋ ದಾರಿ ಅಲ್ಲ.

ಪೊಲೀಸ್ ಸ್ಟೇಷನ್ ಬಗ್ಗೆ ಎಲ್ಲರೂ ಕೇಳ್ತಾರೆ. ಕೆಲಸ ಕಳಪೆ ಆಗಿದೆ ಅಂದ್ರೆ ಅದು ಸಿವಿಲ್ ವಿಷಯ ಅಂತ ವಾಪಸ್ ಕಳಿಸ್ತಾರೆ, ಅವರು ಹೇಳೋದು ತಪ್ಪೂ ಅಲ್ಲ. ಸುಳ್ಳು ದಾಖಲೆ ತೋರ್ಸಿ ಮಾರಿದ್ರೆ, ಒಂದೇ ಫ್ಲ್ಯಾಟ್ ಇಬ್ಬರಿಗೆ ಬರ್ಕೊಟ್ಟಿದ್ರೆ, ಕಟ್ಟೋ ಉದ್ದೇಶನೇ ಇಲ್ಲದೆ ಅಡ್ವಾನ್ಸ್ ತಗೊಂಡು ಓಡಿದ್ರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್, ಅಂದ್ರೆ ಹಳೇ 420, ಬರುತ್ತೆ. ಸೋರೋ ತಾರಸಿಗೆ ಬರಲ್ಲ.

ಲೋಕ್ ಅದಾಲತ್‌ನ ಮಾತ್ರ ಕಡೆಗಣಿಸ್ಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಸು ಹಾಕೋಕೆ ಮೊದ್ಲೇ ರಾಜಿಗೆ ಅರ್ಜಿ ಕೊಡ್ಬಹುದು, ಅಲ್ಲಿ ರಾಜಿ ಆದ್ರೆ ಅದು ಕೋರ್ಟ್ ಡಿಕ್ರಿಗೆ ಸಮ, ಮೇಲೆ ಅಪೀಲು ಇಲ್ಲ. ಹೆಣ್ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರ್ಲಿ ಉಚಿತ ವಕೀಲರ ನೆರವು ಸಿಗುತ್ತೆ, ಮನೆ ತಾಯಿ ಅಥವಾ ಹೆಂಡತಿ ಹೆಸರಲ್ಲಿದ್ರೆ ಇದು ನೆನಪಿರ್ಲಿ. ಎದುರಿನವರಿಗೂ ಮುಗಿಸೋ ಮನಸ್ಸಿದ್ರೆ ಮಾತ್ರ ಇದು ನಡೆಯೋದು, ಬರದೇ ಇದ್ರೆ ಎಳ್ಕೊಂಡು ಬರೋಕಾಗಲ್ಲ.

ಯಾವ ದಾರಿ ಆದ್ರೂ ಗೆಲ್ಲಿಸೋದು ಪುರಾವೆ

ನಾನು ಮಾಡಿದ ತಪ್ಪು ಅಂದ್ರೆ ಮೊದಲ ವರ್ಷ ಬರೀ ಫೋಟೋ ತೆಗೆದಿದ್ದು. ಗೋಡೆ ಕಲೆಯ ಹತ್ತಿಪ್ಪತ್ತು ಫೋಟೋ ಇತ್ತು, ಆದ್ರೆ ಯಾವ್ದು ಯಾವ ರೂಮು, ಎಷ್ಟು ಅಗಲ, ಏನೂ ಗೊತ್ತಾಗ್ತಿರ್ಲಿಲ್ಲ. ಆಮೇಲೆ ಒಬ್ಬ ನಿವೃತ್ತ ಇಂಜಿನಿಯರ್ ಹೇಳ್ಕೊಟ್ರು. ಕಲೆಯ ಅಂಚಿಗೆ ಪೆನ್ಸಿಲಲ್ಲಿ ಗೆರೆ ಎಳೆದು ಪಕ್ಕದಲ್ಲೇ ತಾರೀಖು ಬರೀರಿ, ಮುಂದಿನ ವಾರ ಕಲೆ ಗೆರೆ ದಾಟಿದ್ರೆ ಹೊಸ ಗೆರೆ, ಹೊಸ ತಾರೀಖು. ಫೋಟೋ ತೆಗೆಯೋವಾಗ ಟೇಪು ಹಿಡ್ಕೊಂಡು ತೆಗೀರಿ. ಬಿರುಕಿಗೆ ಅವರು ಮಾಡಿದ್ದು ಇನ್ನೂ ಸರಳ: ತೆಳು ಗಾಜಿನ ಪಟ್ಟಿನ ಬಿರುಕಿನ ಅಡ್ಡಕ್ಕೆ ಇಟ್ಟು ಎರಡು ತುದಿಗೂ ಪ್ಲಾಸ್ಟರ್ ಮೆತ್ತಿದ್ರು, ಮೇಲೆ ತಾರೀಖು ಬರೆದ್ರು. ಗಾಜು ಒಡೆದ್ರೆ ಬಿರುಕು ಇನ್ನೂ ಚಲಿಸ್ತಾ ಇದೆ ಅಂತ, ಒಡೀದೇ ಇದ್ರೆ ಬಿರುಕು ಸದ್ಯಕ್ಕೆ ಚಲಿಸ್ತಾ ಇಲ್ಲ ಅಂತ. ಬೀಮ್ ಹತ್ರ ಇಟ್ಟ ಗಾಜು ನಾಲ್ಕು ತಿಂಗಳಾದ್ರೂ ಹಾಗೇ ಇತ್ತು, ಅದರಿಂದ ನಮ್ಮ ಮನೆ ಬೀಳಲ್ಲ, ತೊಂದ್ರೆ ಇರೋದು ಮೋಲ್ಡಲ್ಲಿ ಮಾತ್ರ ಅಂತ ನಾವೂ ನೆಮ್ಮದಿಯಿಂದ ಮಲಗಿದ್ವಿ, ದೂರಲ್ಲೂ ಇಲ್ಲದ್ದನ್ನ ಸೇರಿಸ್ಲಿಲ್ಲ.

ಮೋಲ್ಡಿನ ಪರೀಕ್ಷೆಗೆ ಮೊದ್ಲು ಮಾಡೋದು ಬೇಸಿಗೇಲಿ ತಾರಸಿ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸೋದು. ಮಾರ್ಚ್ ತಿಂಗಳ ಬಿಸಿಲಲ್ಲಿ ಎರಡು ದಿನ ನೀರು ನಿಲ್ಸಿದಾಗ ಅದೇ ಮೂಲೇಲಿ ಜಿನುಗ್ತು, ಮಳೆ ಗಾಳಿ ಎರಚಲಿನ ನೆಪ ಅಲ್ಲಿಗೆ ಮುಗೀತು. ಕಾಂಕ್ರೀಟ್ ಶಕ್ತಿ ನೋಡೋಕೆ ರೀಬೌಂಡ್ ಹ್ಯಾಮರ್ ಟೆಸ್ಟು ಅಗ್ಗ, ಆದ್ರೆ ಅದು ಅಂದಾಜು ಮಾತ್ರ. ದೊಡ್ಡ ರಚನಾ ದೋಷದ ಅನುಮಾನ ಇದ್ರೆ ಕೋರ್, ಅಂದ್ರೆ ಕಾಂಕ್ರೀಟಿಂದ ಕೊರೆದು ತೆಗೆದ ತುಂಡು, ತೆಗ್ಸಿ ಲ್ಯಾಬಿಗೆ ಕೊಡ್ಬೇಕು, ಕಾಂಕ್ರೀಟ್ ಕೆಲಸದ ಭಾರತೀಯ ಸಂಹಿತೆ ಐಎಸ್ 456 ಪ್ರಕಾರ ಕೋರ್‌ಗಳ ಸರಾಸರಿ ಶಕ್ತಿ ಇರಬೇಕಾದ್ದರ 85 ಪರ್ಸೆಂಟ್ ಆದ್ರೂ ಇರ್ಬೇಕು, ಯಾವ ಒಂದು ಕೋರೂ 75ಕ್ಕಿಂತ ಕೆಳಗೆ ಬರ್ಬಾರ್ದು. ಅದೇ ಸಂಹಿತೇಲಿ ಕ್ಯೂರಿಂಗ್ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಎಲ್ಲ ಕಡೆ ಬಳಸೋ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ ಸಿಮೆಂಟು) ಥರದ್ದಕ್ಕೆ 10 ದಿನ ಅಂತಿದೆ. ನಮ್ಮ ಮೋಲ್ಡಿಗೆ ಎಷ್ಟು ದಿನ ನೀರು ಹೊಡೆದ್ರು ಅಂತ ನಂಗೆ ಗೊತ್ತಾಗಿದ್ದು ವಾಟ್ಸಾಪಲ್ಲಿ: ಮೋಲ್ಡ್ ಹಾಕಿದ ನಾಲ್ಕನೇ ದಿನ ಮೇಸ್ತ್ರಿ "ನಾಳೆಯಿಂದ ಬೇರೆ ಸೈಟಲ್ಲಿ ಕೆಲ್ಸ, ನೀರು ನೀವೇ ನೋಡ್ಕೊಳಿ" ಅಂತ ಕಳ್ಸಿದ ಮೆಸೇಜ್ ಇನ್ನೂ ಇತ್ತು. ಇಂಥ ಮೆಸೇಜುಗಳ ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಇಡಿ, ಫೋನ್ ಬದಲಾಯಿಸೋವಾಗ ಕಳ್ಕೊಬೇಡಿ, ಸಲ್ಲಿಸೋವಾಗ ಎಲೆಕ್ಟ್ರಾನಿಕ್ ಪುರಾವೆಗೆ ಬೇಕಾದ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗಿರ್ಬೇಕು.

ದುಡ್ಡಿನ ಲೆಕ್ಕ ಇನ್ನೊಂದು. ಅರ್ಧ ಜನ ಕಂತು ಕ್ಯಾಶಲ್ಲಿ ಕೊಟ್ಟಿರ್ತಾರೆ, ರಸೀದಿ ಇರಲ್ಲ. ತೀರ್ಥಹಳ್ಳಿಯ ನನ್ನ ಗೆಳೆಯ ಲೇಬರ್ ಕಾಂಟ್ರಾಕ್ಟಲ್ಲಿ ಕಟ್ಸಿದ, ಸಿಮೆಂಟು, ಕಬ್ಬಿಣ ಇವನದ್ದು, ಕೆಲಸ ಮೇಸ್ತ್ರಿದು, ಕರಾರು ಇಲ್ಲ, ರಸೀದಿ ಇಲ್ಲ. ಸಜ್ಜಾ ಕೆಳಗೆ ಬಗ್ಗಿದಾಗ ಮೇಸ್ತ್ರಿ ಕಬ್ಬಿಣ ಸರಿ ಇರ್ಲಿಲ್ಲ ಅಂದ್ರು, ಇವನು ಕಟ್ಟಿದ್ದೇ ತಪ್ಪು ಅಂದ. ಅಂಥ ಕೇಸಲ್ಲಿ ಲೋಕ್ ಅದಾಲತ್ತಲ್ಲಿ ಅಷ್ಟೋ ಇಷ್ಟೋಕ್ಕೆ ಮುಗ್ಸೋದೇ ಮೇಲು ಅಂತ ನಾನು ಅವನಿಗೆ ಹೇಳಿದೆ, ಈಗ್ಲೂ ಅದೇ ಅಭಿಪ್ರಾಯ.

ರಿಪೇರಿಗೆ ಕಾಯೋಕೆ ಆಗದೇ ನೀವೇ ಮಾಡ್ಸೋದಾದ್ರೆ ಮೊದ್ಲು ನೋಟಿಸ್ ಕೊಟ್ಟು, ಇಂಜಿನಿಯರ್ ವರದಿ ತಗೊಂಡು, ವಿಡಿಯೋ ಮಾಡಿ, ಆಮೇಲೆ ಕೈ ಹಾಕಿ. ಒಂದ್ಸಲ ವಾಟರ್‌ಪ್ರೂಫಿಂಗ್ ಬಳಿದ್ಮೇಲೆ ದೋಷ ಕಾಣಲ್ಲ, ಬಿಲ್ಲು ಮಾತ್ರ ಉಳಿಯುತ್ತೆ. ಕಾಂಟ್ರಾಕ್ಟರಿಗೆ ಕೊನೇ ಕಂತು ಇನ್ನೂ ಕೊಟ್ಟಿಲ್ಲ ಅಂದ್ರೆ ಒಂದು ಮಳೆಗಾಲ ಕಳಿಯೋವರೆಗೆ ಸ್ವಲ್ಪ ಹಿಡ್ಕೊಳೋದು ಕರಾರಲ್ಲೇ ಬರ್ಸಿ, ನಮ್ಮ ಕರಾರಲ್ಲಿ ಅದು ಇರ್ಲಿಲ್ಲ.

ಒಟ್ಟಲ್ಲಿ ನನ್ನ ಆಯ್ಕೆ ಹಿಂಗೆ. ನೋಂದಣಿ ಆದ ಅಪಾರ್ಟ್‌ಮೆಂಟು, 50 ಲಕ್ಷದ ಮೇಲೆ ಕೊಟ್ಟಿದ್ರೆ ರೇರಾ. ಅದೇ ಅಪಾರ್ಟ್‌ಮೆಂಟು, 50ರ ಒಳಗೆ, ದೋಷ ನಿಮ್ಮ ಮನೇಲಿ ಮಾತ್ರ, ಎರಡು ವರ್ಷ ಆಗಿಲ್ಲ ಅಂದ್ರೆ ಊರಲ್ಲೇ ಇರೋ ಜಿಲ್ಲಾ ಆಯೋಗ. ಲಿಫ್ಟು, ಸಂಪು, ತಾರಸಿ ಥರ ಎಲ್ಲರದ್ದೂ ಆಗಿರೋದು ಕೆಟ್ಟಿದ್ರೆ ಅಸೋಸಿಯೇಷನ್ ಹೆಸರಲ್ಲಿ ರೇರಾ. ಆರೇಳು ಫ್ಲ್ಯಾಟಿನ ಸಣ್ಣ ಕಟ್ಟಡ, ಸ್ವಂತ ಸೈಟಿನ ಕಾಂಟ್ರಾಕ್ಟು, ಎರಡಕ್ಕೂ ಗ್ರಾಹಕ ಆಯೋಗ. ಎರಡು ವರ್ಷ ದಾಟಿದ್ರೆ ಇವತ್ತೇ ವಕೀಲರ ಹತ್ರ ಹೋಗಿ ಸಿವಿಲ್ ದಾವೆಗೆ ಇನ್ನೆಷ್ಟು ದಿನ ಉಳಿದಿದೆ ಅಂತ ಎಣಿಸ್ಕೊಳಿ.

ಅಕ್ಕನ ಫ್ಲ್ಯಾಟಿನ ಬಾತ್‌ರೂಮು ರೇರಾ ಆರ್ಡರ್ ಬರೋಕೆ ಮೊದ್ಲೇ, ಎರಡನೇ ಹಿಯರಿಂಗ್ ಆದ್ಮೇಲೆ, ಬಿಲ್ಡರ್ ಬಂದು ಒಡೆದು ಮತ್ತೆ ಹೊಸದಾಗಿ ಮಾಡ್ಕೊಟ್ರು. ನಮ್ಮ ಕೇಸಲ್ಲಿ ಆಯೋಗ ಒಬ್ಬ ಇಂಜಿನಿಯರನ್ನ ಕಮಿಷನರ್ ಆಗಿ, ಅಂದ್ರೆ ಮನೆ ನೋಡಿ ವರದಿ ಕೊಡೋಕೆ, ಕಳ್ಸಿತ್ತು. ಅವರು ಏಣಿ ಹತ್ತಿ ಗೋಡೆ ಮೇಲಿನ ಪೆನ್ಸಿಲ್ ಗೆರೆಗಳನ್ನ ಒಂದೊಂದೇ ತಾರೀಖು ಓದ್ಕೊಂಡು ಬರ್ಕೊಂಡ್ರು, ಕಾಂಟ್ರಾಕ್ಟರ್ ಪಕ್ಕದಲ್ಲೇ ನಿಂತಿದ್ರು, ಏನೂ ಮಾತಾಡ್ಲಿಲ್ಲ. ಆರ್ಡರ್ ನಮ್ಮ ಪರ ಆಯ್ತು, ರಿಪೇರಿ ಖರ್ಚು ಮತ್ತು ಕೇಸಿನ ಖರ್ಚು. ಹೇಳಿದ ಗಡುವಿಗೆ ಕೊಡ್ಲಿಲ್ಲ. ಆಗ ಜಾರಿ ಅರ್ಜಿ ಹಾಕಿದ್ವಿ, ಆಯೋಗದ ಆದೇಶ ಪಾಲಿಸದೇ ಇದ್ರೆ ಸೆಕ್ಷನ್ 72ರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲಾ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ ಅಂತಿದೆ. ಆ ಅರ್ಜಿಯ ವಾಯಿದೆಗೆ ಎರಡು ದಿನ ಮೊದ್ಲು ದುಡ್ಡು ನನ್ನ ಅಕೌಂಟಿಗೆ ಬಂತು, ಅಷ್ಟೊತ್ತಿಗೆ 2024ರ ಮೇ ತಿಂಗಳು. ಮೃಗಶಿರ ಹಿಡಿಯೋಕೆ ಮೊದ್ಲು ತಾರಸಿ ಕೆಲಸ ಮುಗಿಸಿದ್ವಿ. ಅಮ್ಮನ ರೂಮಿಗೆ ಬಣ್ಣ ಹೊಡೆಸಿದ್ವಿ, ಆ ಮೂಲೆ ಒಂದನ್ನ ಬಿಟ್ಟು, ಒಂದು ಮಳೆಗಾಲ ನೋಡಿ ಆಮೇಲೆ ಹೊಡೆಸಿದ್ರಾಯ್ತು ಅಂತ ಅಮ್ಮನೇ ಹೇಳಿದ್ರು.